ಆಚೆ ದಂಡೆಯ ದೀಪ ಕಾಯುವ ಕಾಳವ್ವ

ಎಷ್ಟು ಹಿಂಡಿದರೂ ಬಟ್ಟೆಯಲ್ಲಿ ಒಂದಿಷ್ಟು ನೀರು ಉಳಿಯಬೇಕು. ಅಷ್ಟನ್ನು ಉಳಿಸಿಕೊಂಡೇ ಬಟ್ಟೆಯನ್ನು ಕೋಲಿಗೆ ಸಿಕ್ಕಿಸಿ, ಕಾಳವ್ವ ಮೇಜಿನ ಬುಡದಿಂದ ಬಾಗಿಲವರೆಗೆ ಒಂದೇ ಎಳೆತಕ್ಕೆ ನೆಲ ಒರೆಸಿಕೊಂಡು ಹೋಗುತ್ತಾರೆ. ಬಾಗಿಲು ಮುಟ್ಟಿದವರು ಪಕ್ಕಕ್ಕೆ ಸರಿಯುವುದಿಲ್ಲ. ಹೋದ ದಾರಿಯ ಅಂಚಿನಲ್ಲೇ ತಿರುಗಿ ಮೇಜಿಗೆ ಬರುತ್ತಾರೆ. ಬಲಗೈಯನ್ನು ಸೆರಗಿಗೆ ಒರೆಸಿಕೊಂಡು ಮೇಜಿನ ಮೇಲಿರುವ ಕಂಪ್ಯೂಟರಿನ ಮೌಸನ್ನು ಕಿರುಬೆರಳಿನಿಂದ ಮೆಲ್ಲಗೆ ಅಲುಗಿಸುತ್ತಾರೆ, ಮಲಗಿದ ಕೂಸು ಉಸಿರಾಡುತ್ತಿದೆಯೇ ಎಂದು ಮುಟ್ಟಿ ನೋಡಿದ ಹಾಗೆ. ಮತ್ತೆ ಕೋಲು ಹಿಡಿದು ಈ ಸಲ ಕಿಟಕಿಯ ಕಡೆಗೆ.

ಹೊರಗೆ ಇನ್ನೂ ಪೂರಾ ಬೆಳಕು ಹರಿದಿಲ್ಲ. ಹರಿಹರದ ಕಡೆಯಿಂದ ಬರುವ ಲಾರಿಗಳ ದೀಪ ಕಿಟಕಿಯ ಗಾಜಿನ ಮೇಲೆ ಹಾದು ಗೋಡೆಯ ಮೇಲೆ ಜಾರಿ ಮಾಯವಾಗುತ್ತದೆ. ಹಾಲ್‌ನಲ್ಲಿ ಬೇರೆ ದೀಪ ಹಚ್ಚಿಲ್ಲ. ಇರುವುದು ಆ ಕಂಪ್ಯೂಟರ್ ಪರದೆಯ ಬೆಳಕೊಂದೇ. ಎಲ್ಲ ಎಳೆತಗಳೂ ಮೇಜಿನಿಂದ ಹೊರಟು ಮೇಜಿಗೇ ಮರಳುವುದರಿಂದ, ಆರುವ ಮುಂಚೆ ನೆಲದ ಮೇಲೆ ದೊಡ್ಡದೊಂದು ಸೇವಂತಿಗೆ ಅರಳಿದಂತೆ ಕಾಣುತ್ತದೆ.

"ಎಲ್ಲರೂ ಮೂಲ್ಯಾಗಿಂದ ಸುರು ಮಾಡಿ ಬಾಗ್ಲಿಗೆ ಬಂದು ಮುಗಿಸ್ತಾರೆ. ನನಗೆ ಹಂಗೆ ಆಗಂಗಿಲ್ರಿ," ಎನ್ನುತ್ತಾರೆ ಕಾಳವ್ವ. "ಒಲೆ ಮ್ಯಾಲೆ ಹಾಲಿಟ್ಟು ಕಸ ಹೊಡೀತಾರಲ್ಲ, ಹಂಗೆ ನಂದು. ಜೀವ ಇಲ್ಲೇ ಇರ್ತೈತೆ."

ಆ ಪರದೆಯ ಮೇಲಿರುವುದು ಒಂದು ಹೊಳೆಯ ಚಿತ್ರ. ಸಂಜೆ ಮುಗಿದು ಕತ್ತಲು ಶುರುವಾಗುವ ಹೊತ್ತು. ಈಚೆ ದಂಡೆಯಲ್ಲಿ ಎರಡು ಬಂಡೆ, ನಡುವೆ ತುಂಗಭದ್ರೆಯ ಅಗಲವಾದ ನೀರು, ಆಚೆ ದಂಡೆಯ ಗುಡಿಸಲಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ದೀಪ. ಕಂಪ್ಯೂಟರಿಗೆ ಬೀಗ ಬಿದ್ದಾಗ ಮಾತ್ರ ಬರುವ ಚಿತ್ರ ಅದು. ಗುಪ್ತಪದ ಹಾಕಿ ಬೀಗ ತೆಗೆದರೆ ಹೊಳೆ ಹೋಗಿ ಔಷಧದ ಪಟ್ಟಿ ಬರುತ್ತದೆ. ಬೀಗ ಹಾಕಿ ಸುಮ್ಮನೆ ಬಿಟ್ಟರೆ, ಹಾಲು ಕಾದು ಉಕ್ಕುವಷ್ಟು ಹೊತ್ತಿನಲ್ಲಿ, ಪರದೆ ತಾನಾಗಿ ಕಪ್ಪಾಗುತ್ತದೆ. ಅದು ಕಪ್ಪಾಗಬಾರದು. ಕಾಳವ್ವನ ಬೆರಳಿನ ಕೆಲಸ ಅಷ್ಟೇ.

ಯಾಕೆ ಕಪ್ಪಾಗಬಾರದು ಎಂದರೆ, ಎದುರಿನ ಕುರ್ಚಿಯಲ್ಲಿ ಗಿಡ್ಡಪ್ಪ ಕುಳಿತಿದ್ದಾರೆ.

ದಾವಣಗೆರೆಗೂ ಹರಿಹರಕ್ಕೂ ನಡುವೆ, ಬಾತಿಯ ಸಮೀಪ, ರಸ್ತೆಗೆ ಹೊಂದಿಕೊಂಡಂತೆ ಇರುವ ಈ ಮನೆಯನ್ನು ಜನ ಹಿರಿಯರ ಹಗಲು ಮನೆ ಎನ್ನುತ್ತಾರೆ. ದುಡಿಯಲು ಹೋಗುವ ಮಕ್ಕಳು ವಯಸ್ಸಾದ ತಂದೆತಾಯಿಯನ್ನು ಬೆಳಿಗ್ಗೆ ಇಲ್ಲಿ ಬಿಟ್ಟು, ಸಂಜೆ ಬಂದು ಕರೆದುಕೊಂಡು ಹೋಗುತ್ತಾರೆ. ಚೌಕಾಬಾರ ಆಡುವವರು ಆಡುತ್ತಾರೆ, ಭಜನೆ ಹೇಳುವವರು ಹೇಳುತ್ತಾರೆ, ಧಾರಾವಾಹಿ ನೋಡುವವರಿಗೆ ಟಿ.ವಿ. ಇದೆ. ಒಂದು ಟ್ರಸ್ಟು ಇದನ್ನು ನಡೆಸುತ್ತದೆ. ಅದರ ಮುಖ್ಯ ಕಚೇರಿ ಬೇರೆ ಊರಲ್ಲಿದೆ. ಇಲ್ಲಿಯ ವ್ಯವಸ್ಥಾಪಕರು ಶಿವಮೂರ್ತಿ. ಬಂದವರ ರಕ್ತದೊತ್ತಡ ನೋಡಿ, ಮಾತ್ರೆ ಕೊಟ್ಟು, ಅದನ್ನೆಲ್ಲ ಹಾಲ್‌ನ ಕಂಪ್ಯೂಟರಿಗೆ ಏರಿಸುವ ಹುಡುಗಿ ಭವ್ಯಾ. ಒಬ್ಬರ ಕಾಯಿಲೆ ಇನ್ನೊಬ್ಬರ ಕಣ್ಣಿಗೆ ಬೀಳಬಾರದೆಂದು, ಬರೆದಾದ ಕೂಡಲೇ ಅವಳು ಕಂಪ್ಯೂಟರಿಗೆ ಬೀಗ ಹಾಕಿ ಎದ್ದುಬಿಡುತ್ತಾಳೆ. ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಬಿಟ್ಟರೆ ದಿನವಿಡೀ ಅದು ಬೀಗ ಹಾಕಿಕೊಂಡೇ ಇರುತ್ತದೆ.

ಎಲ್ಲರಿಗಿಂತ ಮೊದಲು ಬರುವವರು ಗಿಡ್ಡಪ್ಪ. ಅವರ ಮಗಳು ರಂಗವ್ವ ದಾವಣಗೆರೆಯ ಒಂದು ದೋಸೆ ಹೋಟೆಲಿನಲ್ಲಿ ಚಟ್ನಿ ರುಬ್ಬುವ, ಪಲ್ಯ ಮಾಡುವ ಕೆಲಸಕ್ಕಿದ್ದಾರೆ. ಹರಿಹರದಿಂದ ಮೊದಲ ಬಸ್ಸಿಗೆ ತಂದೆಯ ಕೈ ಹಿಡಿದುಕೊಂಡು ಬಂದು, ಇಲ್ಲಿ ಬಿಟ್ಟು, ಓಡಿಹೋಗಿ ಮುಂದಿನ ಬಸ್ಸು ಹತ್ತುತ್ತಾರೆ. ಸಂಜೆ ಮರಳುವಾಗ ಅವರ ಸೆರಗಿಗೆ ಕಾಸಿದ ಬೆಣ್ಣೆಯ ವಾಸನೆ ಹತ್ತಿರುತ್ತದೆ. ಗಿಡ್ಡಪ್ಪನಿಗೆ ಮಗಳ ಹೆಸರು ಕೆಲವು ದಿನ ನೆನಪಿರುತ್ತದೆ, ಕೆಲವು ದಿನ ಇರುವುದಿಲ್ಲ. ಬೆಣ್ಣೆಯ ವಾಸನೆ ಬಂದರೆ ಮಾತ್ರ ಎದ್ದು ನಿಲ್ಲುತ್ತಾರೆ.

ಗಿಡ್ಡಪ್ಪ ಅಂಬಿಗರು. ಹರಿಹರದಿಂದ ಕೆಳಗೆ, ಹೊಳೆ ತಿರುಗುವ ಒಂದು ಕಡವಿನಲ್ಲಿ ವಯಸ್ಸಿಡೀ ತೆಪ್ಪ ಹಾಕಿದವರು. ಸೇತುವೆ ಸುತ್ತಿಕೊಂಡು ಹೋಗಲಾರದ ಕೂಲಿಯವರು, ಮೇವು ಹೊತ್ತವರು, ತವರಿಗೆ ಹೊರಟ ಹೆಣ್ಣುಮಕ್ಕಳು ಅವರ ತೆಪ್ಪದಲ್ಲಿ ದಾಟುತ್ತಿದ್ದರು. ಈಗ ಹೊಳೆಯೂ ತೆಪ್ಪವೂ ತಲೆಯೊಳಗೆ ಮಾತ್ರ ಉಳಿದಿವೆ. ಮಿಕ್ಕಿದ್ದೆಲ್ಲ ಒಂದೊಂದಾಗಿ ಇಳಿದು ಹೋಗಿದೆ.

ಬಂದ ಹೊಸದರಲ್ಲಿ ಅವರು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಒಳಗೆ ಬಂದ ಬಾಗಿಲಲ್ಲೇ ಹೊರಗೆ ನಡೆಯುವರು. ಒಂದು ಬೆಳಿಗ್ಗೆ ಕಾಳವ್ವ ಮೇಜು ಒರೆಸುವಾಗ ಅರಿಯದೆ ಮೌಸಿಗೆ ಕೈ ತಾಗಿ ಪರದೆ ಹೊತ್ತಿಕೊಂಡಿತು. ಬಾಗಿಲ ಕಡೆ ಹೊರಟಿದ್ದ ಗಿಡ್ಡಪ್ಪ ನಿಂತರು. ಹಿಂದಕ್ಕೆ ಬಂದು ಎದುರಿನ ಕುರ್ಚಿಯಲ್ಲಿ ಕುಳಿತು, ತಲೆಯ ವಲ್ಲಿ ಬಿಚ್ಚಿ ಮೊಣಕಾಲ ಮೇಲೆ ಇಟ್ಟುಕೊಂಡರು. ಕೆಲಸಕ್ಕೆ ಕೂತ ಮನುಷ್ಯ ಕೂರುವ ಹಾಗೆ. ಪರದೆ ಕಪ್ಪಾದ ಕೂಡಲೇ ವಲ್ಲಿ ಸುತ್ತಿಕೊಂಡು ಎದ್ದರು. ಕಾಳವ್ವ ಮತ್ತೆ ಮೌಸು ಮುಟ್ಟಿದರು. ಮತ್ತೆ ಕುಳಿತರು.

"ಅವತ್ತಿಂದ ನಡದೈತೆ ನೋಡ್ರಿ ಇದು," ಎಂದು ನಗುತ್ತಾರೆ. "ಯಾರೂ ಮಾಡಂತ ಹೇಳಿಲ್ಲ. ಅಜ್ಜ ಒಂದು ಕಡೆ ಕುಂತ್ರೆ ನನಗೂ ನೆಲ ಒರ್ಸಾಕೆ ಸಲೀಸು. ಹೊಳೀತಿರೋ ನೆಲದ ಮ್ಯಾಲೆ ಹೆಜ್ಜೆ ಮೂಡಂಗಿಲ್ಲ."

ಹೊಳೆಯ ಚಿತ್ರವೆಂದರೆ ಇಷ್ಟ ಇರಬೇಕು ಎಂದುಕೊಂಡರು ಎಲ್ಲರೂ. ಶಿವಮೂರ್ತಿಯವರು ಒಳ್ಳೆಯ ಮನಸ್ಸಿನವರು. ದಾವಣಗೆರೆಯಲ್ಲಿ ಫ್ಲೆಕ್ಸ್ ಹಾಕುವವರಿಗೆ ಹೇಳಿ ಅದೇ ಚಿತ್ರವನ್ನು ಗೋಡೆಯಷ್ಟಗಲ ಮಾಡಿಸಿ ತೂಗುಹಾಕಿಸಿದರು. ಗಿಡ್ಡಪ್ಪ ಒಮ್ಮೆ ನೋಡಿ ಕುರ್ಚಿಯನ್ನು ಆ ಕಡೆಗೆ ಬೆನ್ನು ಮಾಡಿ ತಿರುಗಿಸಿಕೊಂಡರು. ಆ ಫ್ಲೆಕ್ಸು ಈಗ ಶಿವಮೂರ್ತಿಯವರ ಬೈಕಿಗೆ ಮಳೆಯಲ್ಲಿ ಹೊದಿಕೆಯಾಗಿದೆ. ಅದಾದ ಮೇಲೆ ಮೂಲೆಯಲ್ಲೊಂದು ಸಣ್ಣ ಬಲ್ಬು ಹಾಕಿಸಿದರು. "ಇದು ಬಲ್ಬು," ಎಂದರಂತೆ ಗಿಡ್ಡಪ್ಪ, ಮಕ್ಕಳಿಗೆ ತಿಳಿಸಿ ಹೇಳುವಂತೆ. ಟಿ.ವಿ.ಯಲ್ಲಿ ಹೊಳೆ ತೋರಿಸೋಣವೆಂದರೆ ಧಾರಾವಾಹಿಯವರು ಬಿಡಬೇಕಲ್ಲ.

ಗುಟ್ಟು ಬಿಡಿಸಿದವರು ರಂಗವ್ವ. ಒಂದು ಸಂಜೆ ಅಪ್ಪನನ್ನು ಕರೆಯಲು ಬಂದವರು ಪರದೆ ನೋಡಿ ನಿಂತರು.

"ಯಕ್ಕಾ, ಇವ್ರು ಹೊಳೆ ನೋಡ್ತಾ ಕುಂತಿಲ್ಲ. ಆಚೆ ದಂಡೆ ದೀಪ ನೋಡ್ತಾ ಕುಂತಾರೆ," ಎಂದರು ಕಾಳವ್ವನಿಗೆ. "ನಮ್ಮ ಕಡವಿನಾಗೆ ಒಂದು ಕಟ್ಟು ಇತ್ತು. ಸಂಜೆ ಮ್ಯಾಲೆ ಆಚೆ ದಂಡ್ಯಾಗೆ ಯಾರಾದ್ರೂ ಉಳಕಂಡ್ರೆ ದೀಪ ಹಚ್ಚಿಡಬೇಕು. ದೀಪ ಇರೋತನಕ ಅಂಬಿಗ ಮನೀಗೆ ಹೋಗಂಗಿಲ್ಲ. ಉಣ್ಣಾಕೆ ಸೈತ ಎದ್ದು ಹೋಗಂಗಿಲ್ಲ. ದೀಪ ಹೋತು ಅಂದ್ರೆ ಯಾರೂ ಉಳದಿಲ್ಲ, ಹೊರಡಬೌದು ಅಂತ. ನಮ್ಮವ್ವ ಅಲ್ಲಿಗೇ ಬುತ್ತಿ ಒಯ್ತಿದ್ಲು."

ಅಂದಿನಿಂದ ಕಾಳವ್ವನ ಕೈಗೆ ಬೇರೆಯೇ ಎಚ್ಚರ ಬಂತು. ಪರದೆ ಆರಿದರೆ ಗಿಡ್ಡಪ್ಪ ಎದ್ದು ಅಲೆಯುವುದಲ್ಲ, ಅವರ ಲೆಕ್ಕದಲ್ಲಿ ಕೆಲಸ ಮುಗಿದು ಮನೆಗೆ ಹೊರಡುವುದು. ಮನೆಯೆಂದರೆ ಹರಿಹರ. ನಡುವೆ ಇರುವುದು ಹಗಲೂ ರಾತ್ರಿ ಲಾರಿ ಓಡುವ ರಸ್ತೆ.

ಬೆಳಕು ಹರಿಯುತ್ತಿದ್ದಂತೆ ಉಳಿದ ಹಿರಿಯರು ಒಬ್ಬೊಬ್ಬರಾಗಿ ಬರುತ್ತಾರೆ. ಕಾಳವ್ವ ಮೇಜಿನಿಂದ ಗಿಡ್ಡಪ್ಪನ ಕುರ್ಚಿಯವರೆಗಿನ ಎಳೆತವನ್ನು ಕೊನೆಗೆ ಉಳಿಸಿಕೊಂಡಿರುತ್ತಾರೆ. ಅಲ್ಲಿಗೆ ಮಾತ್ರ ಬಟ್ಟೆಯನ್ನು ಸರಿಯಾಗಿ ಹಿಂಡುವುದಿಲ್ಲ. ನೀರು ನಿಂತ ನೆಲದ ಮೇಲೆ ಪರದೆಯ ಬೆಳಕು ಉದ್ದಕ್ಕೆ ಬಿದ್ದು, ನಡುಗುತ್ತ ನಡುಗುತ್ತ ಮುದುಕನ ಕಾಲಬೆರಳಿನವರೆಗೆ ಬರುತ್ತದೆ. ಗಿಡ್ಡಪ್ಪ ಪಂಚೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಳ್ಳುತ್ತಾರೆ. ಎರಡೂ ಕೈ ಎದೆಯ ಮುಂದೆ ಸೇರಿ, ಇಲ್ಲದ ಹುಟ್ಟನ್ನು ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರು ತಳ್ಳುತ್ತವೆ.

"ಬಂದೆ," ಎನ್ನುತ್ತಾರೆ ದೀಪಕ್ಕೆ. ಅವರ ದನಿ ಆಗ ಮುದುಕನ ದನಿಯಲ್ಲ. ನೀರಿನ ಮೇಲೆ ಬಹಳ ದೂರ ಹೋಗಬೇಕಾದ ದನಿ.

ಅಕ್ಕಪಕ್ಕದ ಕುರ್ಚಿಯವರಿಗೂ ಅದು ರೂಢಿಯಾಗಿದೆ. ಅವರಲ್ಲಿ ಹಿರಿಯರು ಮರುಳಸಿದ್ದಮ್ಮ, ಊರುಗೋಲಿನವರು, ಬಾಯಿ ಜೋರು. ತಮ್ಮ ಕುರ್ಚಿಯನ್ನು ಗಿಡ್ಡಪ್ಪನ ಹತ್ತಿರ ಎಳೆಸಿಕೊಂಡು ಕೂರುತ್ತಾರೆ.

"ನಡುವೆ ಕೂಡ್ರಿ. ಅಲುಗಾಡಬ್ಯಾಡ್ರಿ," ಎನ್ನುತ್ತಾರೆ ಗಿಡ್ಡಪ್ಪ.

"ಕುಂತೀನಪ್ಪಾ. ದಿನಾ ದಾಟಿಸ್ತೀಯ, ಒಂದಿನಾನೂ ಆಚೆ ದಂಡೆ ಮುಟ್ಟಿಸಿಲ್ಲ ನೀನು."

"ಗಾಳಿ ಎದುರಿಗೈತವ್ವಾ."

"ನಿನ್ನೆನೂ ಇದೇ ಗಾಳಿ."

"ಭಾರ ಜಾಸ್ತಿ ಆತು," ಎಂದು ಗಿಡ್ಡಪ್ಪ ಅವರನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಇಡೀ ಹಾಲ್ ನಗುತ್ತದೆ. ಮರುಳಸಿದ್ದಮ್ಮನೂ ನಗುತ್ತಾರೆ. ನೆಲ ಆರುವವರೆಗೆ ಆ ಹಾಲ್‌ನಲ್ಲಿ ಯಾರೂ ಟಿ.ವಿ. ಹಾಕು ಎನ್ನುವುದಿಲ್ಲ.

ಕಾಳವ್ವನ ಊರು ಆನಗೋಡು, ಕೊಟ್ಟ ಊರು ಬಾತಿ. ಗಂಡ ಮಾಳಿಂಗಪ್ಪ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ದುಡಿದವರು. ಗಿರಣಿ ಮುಚ್ಚಿದ ಮೇಲೆ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಚೀಲ ಹೊತ್ತರು. ಈಗ ಬೆನ್ನು ಬಗ್ಗುವುದಿಲ್ಲ, ಎದೆಯಲ್ಲಿ ಹಳೆಯ ಹತ್ತಿಯ ಕೆಮ್ಮು. ಮನೆಯ ಅಡುಗೆ ಅವರದೇ. "ಸಾರು ನನಗಿಂತ ಚಲೋ ಮಾಡ್ತಾನೆ. ಆದ್ರೆ ಸಾರಿಗೆ ಬ್ಯಾಳಿ ತರೋದು ನಾನೇ ಅಲ್ರಿ," ಎನ್ನುತ್ತಾರೆ ಕಾಳವ್ವ. ಗದ್ದೆಯ ಕಳೆ ಕಿತ್ತಿದ್ದಾರೆ, ಕಲ್ಲು ಹೊತ್ತಿದ್ದಾರೆ, ಮಂಡಕ್ಕಿ ಭಟ್ಟಿಯ ಬಿಸಿಯಲ್ಲಿ ಬೆಂದಿದ್ದಾರೆ. ಹಗಲು ಮನೆಯ ಈ ಕೆಲಸ ಸಿಕ್ಕ ಮೇಲೆ ನೆರಳಿಗೆ ಬಂದಂತಾಯಿತು. ತಿಂಗಳು ತುಂಬಿದರೆ ಸಂಬಳ, ಮಧ್ಯಾಹ್ನ ಊಟ, ಬಿಸಿಲಿಲ್ಲ. ಅದೊಂದು ಹೋದರೆ ಮನೆಗೆ ಬೇರೆ ಆಧಾರವಿಲ್ಲ.

ಗಂಡ ರಾತ್ರಿ ಪಾಳಿಗೆ ಹೋಗುತ್ತಿದ್ದ ಕಾಲದಲ್ಲಿ ಹೊಸ್ತಿಲ ಗೂಡಿನಲ್ಲಿ ಚಿಮಣಿ ಹಚ್ಚಿಟ್ಟು ಬತ್ತಿ ಏರಿಸುತ್ತ ಕೂರುತ್ತಿದ್ದರಂತೆ. "ಆಗ ಎಣ್ಣೆ ನೋಡ್ಕಬೇಕಿತ್ತು, ಗಾಳಿ ನೋಡ್ಕಬೇಕಿತ್ತು. ಇದಕ್ಕೆ ಎರಡೂ ಇಲ್ಲ. ಬಲು ಸುಲಭದ ದೀಪ," ಎನ್ನುತ್ತಾರೆ.

ಸುಲಭವೇನಲ್ಲ. ಅದು ಅವರ ದಿನಚರಿ ನೋಡಿದರೇ ತಿಳಿಯುತ್ತದೆ. ತಟ್ಟೆ ತೊಳೆಯುವುದನ್ನು ಹಾಲ್ ಕಾಣುವ ನಲ್ಲಿಗೇ ತಂದುಕೊಂಡಿದ್ದಾರೆ. ಬಟ್ಟೆ ಒಣಹಾಕುವ ಹಗ್ಗ ಕಿಟಕಿಯ ಹೊರಗೇ ಇದೆ. ಊಟಕ್ಕೆ ಕೂರುವುದು ಮೇಜಿನ ಪಕ್ಕ, ನೆಲದ ಮೇಲೆ, ಎಡಗೈ ಮೌಸಿಗೆ ಎಟಕುವಂತೆ. ಬಚ್ಚಲು ತೊಳೆಯುವ ಹೊತ್ತಿಗೆ ಮಾತ್ರ ಬೇರೆಯವರ ಕೈಗೆ ಒಪ್ಪಿಸಬೇಕು.

"ಅಮ್ಮಾರೆ, ಒಂಚೂರು ದೀಪ ನೋಡ್ಕಳ್ರಿ," ಎಂದು ಮರುಳಸಿದ್ದಮ್ಮನಿಗೆ ಹೇಳಿ ಹೋಗುತ್ತಾರೆ.

ಮರುಳಸಿದ್ದಮ್ಮ ಕುರ್ಚಿಯಿಂದ ಏಳುವುದಿಲ್ಲ. ಕೂತಲ್ಲಿಂದಲೇ ಊರುಗೋಲು ಚಾಚಿ ಮೌಸನ್ನು ತಿವಿಯುತ್ತಾರೆ. "ಏ ಕಾಳೀ, ಬೇಗ ಬಾರೇ. ಇದಕ್ಕೆ ಇಲಿ ಅಂತ ಬೇರೆ ಹೆಸ್ರಿಟ್ಟಾರಂತೆ, ಹೊಡದು ಹಾಕಿಬಿಟ್ಟೇನು," ಎನ್ನುತ್ತಾರೆ.

ಕಂಪ್ಯೂಟರ್ ರಿಪೇರಿಗೆ ಬರುವ ಪರಶುರಾಮನನ್ನು ಶಿವಮೂರ್ತಿಯವರು ಒಮ್ಮೆ ಕೇಳಿದ್ದರು, ಇದಕ್ಕೊಂದು ಶಾಶ್ವತ ದಾರಿ ಇಲ್ಲವೇ ಎಂದು. ಪರಶುರಾಮ ಕೀಬೋರ್ಡ್ ಕುಟ್ಟಿ ನೋಡಿ ಹೇಳಿದ: "ಐತೆ ಸಾರ್. ಬೀಗ ಹಾಕ್ದಾಗ ಪರದೆ ಎಷ್ಟೊತ್ತು ಉರೀಬೇಕು ಅನ್ನೋದಕ್ಕೆ ಬ್ಯಾರೇನೇ ಒಂದು ಸೆಟ್ಟಿಂಗ್ ಐತೆ. ಮಾಮೂಲಿ ಸೆಟ್ಟಿಂಗಿನ ಪೈಕಿ ಕಾಣಂಗಿಲ್ಲ, ಬಚ್ಚಿಟ್ಟಿರ್ತಾರೆ. ಬೀಗ ಹಂಗೇ ಇರ್ತೈತೆ, ಪರದೆನೂ ಉರೀತಿರ್ತೈತೆ. ಆದ್ರೆ ನಿಮ್ಮ ಕಂಪ್ಯೂಟರಿನ ಚಾವಿ ನಿಮ್ಮ ಹೆಡ್ಡಾಫೀಸಿನಾಗೈತೆ. ಅವ್ರು ಹೂಂ ಅಂದ್ರೆ ಐದು ನಿಮಿಷದ ಕೆಲಸ."

ಶಿವಮೂರ್ತಿಯವರು ಅಂದೇ ಮುಖ್ಯ ಕಚೇರಿಗೆ ಕಾಗದ ಬರೆದರು. ಕಂಪ್ಯೂಟರಿನಲ್ಲೇ ಬರೆದು, ಕಳಿಸುವ ಮುಂಚೆ ಕಾಳವ್ವನನ್ನು ಕರೆದು ಓದಿ ಹೇಳಿದರು. ಕಾಳವ್ವನ ಮುಖ ಇಳಿದುಹೋಯಿತು.

ಕಾರಣವಿತ್ತು. ಸ್ವಚ್ಛತೆಯ ಕೆಲಸದವರನ್ನು ಟ್ರಸ್ಟು ನೇರವಾಗಿ ಇಟ್ಟುಕೊಂಡಿಲ್ಲ, ಗುತ್ತಿಗೆದಾರರ ಮೂಲಕ ಇಟ್ಟುಕೊಂಡಿದೆ. ಕಸ ಗುಡಿಸುವವರು ಕಚೇರಿಯ ಯಂತ್ರ ಮುಟ್ಟಕೂಡದು ಎಂಬುದು ಅವರ ಮೊದಲ ಷರತ್ತು. ಇನ್ನೊಂದು ಊರಿನ ಹಗಲು ಮನೆಯಲ್ಲಿ ಪ್ರಿಂಟರಿನ ಮೇಲಿನ ಧೂಳು ಒರೆಸಲು ಹೋಗಿ ಏನೋ ಒತ್ತಿದ ಹೆಣ್ಣುಮಗಳನ್ನು ಮರುದಿನವೇ ಬಿಡಿಸಿದ್ದರು. ಪರದೆ ಉರಿಯಬೇಕು ಎಂದು ಕೇಳಿದರೆ ಇಷ್ಟು ದಿನ ಹೇಗೆ ಉರಿಯಿತು ಎಂದು ಅವರು ಕೇಳುತ್ತಾರೆ. ಉತ್ತರ ಕಾಳವ್ವನ ಬೆರಳು.

"ಬ್ಯಾಡ ಸಾರ್," ಎಂದರು ಕಾಳವ್ವ. "ನನ್ನ ಕೈ ಗಟ್ಟಿ ಇರೋ ತನಕ ನಾನೇ ಅಲುಗಿಸ್ತೀನಿ. ಕಾಗದ ಗೀಗದ ಬ್ಯಾಡ."

ಶಿವಮೂರ್ತಿಯವರೂ ಒತ್ತಾಯಿಸಲಿಲ್ಲ. ಕಾಗದ ಕಂಪ್ಯೂಟರಿನೊಳಗೇ ಕೂತಿತು. ಮುಂಗಾರಿಗೆ ಬರೆದದ್ದು. ದೀಪಾವಳಿ ಬಂದು ಹೋಯಿತು, ಸಂಕ್ರಾಂತಿ ಬಂದು ಹೋಯಿತು. ಕಾಳವ್ವನ ಬೆರಳು ಕಾಗದದ ಬದಲಿಗೆ ಕೆಲಸ ಮಾಡುತ್ತಲೇ ಇತ್ತು.

ಆಮೇಲೆ ಒಂದು ದಿನ ತವರಲ್ಲಿ, ತಂಗಿಯ ಮೊಮ್ಮಗಳಿಗೆ ತೊಟ್ಟಿಲು. ಹೋಗದಿದ್ದರೆ ತಂಗಿ ಮಾತು ಬಿಡುತ್ತಾಳೆ. ಒಂದು ದಿನದ ರಜೆ ಕೇಳಿ, ಮರುಳಸಿದ್ದಮ್ಮನಿಗೆ ಹತ್ತು ಸಲ ಹೇಳಿ, ಕಾಳವ್ವ ಆನಗೋಡಿಗೆ ಹೋದರು. ಬದಲಿಗೆ ಬಂದ ಹೆಂಗಸು ಷರತ್ತು ಓದಿಕೊಂಡು ಬಂದವಳು, ಕಂಪ್ಯೂಟರಿನ ಮೇಜಿನ ಹತ್ತಿರವೂ ಸುಳಿಯಲಿಲ್ಲ. ಬೆಳಿಗ್ಗೆಯಿಂದ ಮರುಳಸಿದ್ದಮ್ಮನ ಊರುಗೋಲು ಚೆನ್ನಾಗಿಯೇ ದೀಪ ಕಾಯಿತು. ಮಧ್ಯಾಹ್ನ ಊಟದಲ್ಲಿ ಪಾಯಸವಿತ್ತು. ಉಂಡ ಮೇಲೆ ಅವರ ಕಣ್ಣು ಒಂದು ಗಳಿಗೆ ಮುಚ್ಚಿತು. ಪರದೆ ಕಪ್ಪಾಯಿತು. ಗಿಡ್ಡಪ್ಪ ವಲ್ಲಿ ಸುತ್ತಿಕೊಂಡು, ಯಾರಿಗೂ ತೊಂದರೆ ಕೊಡದೆ, ದುಡಿಮೆ ಮುಗಿಸಿದ ಮನುಷ್ಯನ ಹಾಗೆ ಹೊರಟುಹೋದರು. ಮಗಳು ಕರೆಯಲು ಬಂದಿರಬೇಕೆಂದು ಗೇಟಿನವರು ಅಂದುಕೊಂಡರು.

ಹಗಲು ಮನೆಯವರೆಲ್ಲ ಹರಿಹರದ ದಾರಿಯುದ್ದಕ್ಕೂ ಹುಡುಕುತ್ತಿದ್ದಾಗ, ಆನಗೋಡಿನಿಂದ ಮರಳಿದ ಕಾಳವ್ವ ಬಾತಿಯಲ್ಲಿ ಬಸ್ಸಿಳಿದರು. ಹೊತ್ತು ಮುಳುಗಿತ್ತು. ಕೈಯಲ್ಲಿ ತೊಟ್ಟಿಲಿನ ಮನೆಯವರು ಕೊಟ್ಟ ಗುಗ್ಗರಿಯ ಗಂಟು. ಕೆರೆಯ ಏರಿಯ ಮೇಲೆ ಯಾರೋ ಕೂತ ಹಾಗೆ ಕಂಡಿತು. ಬೆನ್ನಿನ ಬಾಗು ನೋಡಿಯೇ ಗುರುತು ಸಿಕ್ಕಿತು.

"ಅಜ್ಜಾರೆ, ಇಲ್ಲಿಗೆ ಹೆಂಗೆ ಬಂದ್ರಿ?"

"ಮನೀಗೆ ಹೊಂಟಿದ್ದೆ ತಂಗಿ. ನೀರು ಕಾಣಿಸ್ತು, ಕುಂತೆ," ಎಂದರು ಗಿಡ್ಡಪ್ಪ. "ಇವತ್ತು ಯಾರೂ ಉಳದಿಲ್ಲ. ಎಲ್ಲರೂ ದಾಟ್ಯಾರೆ."

ಕಾಳವ್ವ ಪಕ್ಕದಲ್ಲಿ ಕೂತು ಗುಗ್ಗರಿ ಬಿಚ್ಚಿ ಕೈಗೆ ಕೊಟ್ಟರು. ಶಿವಮೂರ್ತಿಯವರಿಗೆ ಫೋನು ಮಾಡಿದರು. ಕೆರೆಯ ನೀರು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಎರಡು ಬೆಳ್ಳಕ್ಕಿ ಗುಡ್ಡದ ಕಡೆಗೆ ಹಾರಿಹೋದವು. ಮುದುಕ ಒಂದೊಂದೇ ಕಾಳು ಅಗಿಯುತ್ತಿದ್ದರು. ಹೀಗೇ ಕೂತಿದ್ದರೆ ಸಾಕು ಎನಿಸುವಂಥ ಸಂಜೆ.

ಅಷ್ಟರಲ್ಲಿ ಕೆರೆಯ ಆಚೆಗೆ ಯಾವುದೋ ಮನೆಯಲ್ಲಿ ದೀಪ ಹತ್ತಿತು. ನೀರಿನ ಮೇಲೆ ಅದರ ಗೆರೆ ಉದ್ದಕ್ಕೆ ಚಾಚಿಕೊಂಡು ಈಚೆಗೆ ಬಂತು.

"ಅಗಾ, ಒಬ್ರು ಅದಾರೆ," ಎಂದರು ಗಿಡ್ಡಪ್ಪ. ಗುಗ್ಗರಿ ಕೆಳಗಿಟ್ಟರು. ಪಂಚೆ ಎತ್ತಿ ಸಿಕ್ಕಿಸಿಕೊಂಡರು. ಕಾಳವ್ವ ಏನಾಗುತ್ತಿದೆ ಎಂದು ತಿಳಿಯುವ ಮುಂಚೆ ಏರಿಯ ಕಲ್ಲುಗಳ ಮೇಲೆ ಇಳಿದು, ಮೊಣಕಾಲು ಮಟ್ಟದ ನೀರಿನಲ್ಲಿ ನಿಂತಿದ್ದರು. ಇನ್ನೊಂದು ಹೆಜ್ಜೆಗೆ ಆಳ. ಕಾಳವ್ವ ಹಬ್ಬದ ಸೀರೆಯಲ್ಲೇ ನೀರಿಗಿಳಿದು ಹಿಂದಿನಿಂದ ಅವರ ನಡುವಿನ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದರು.

"ಬಿಡು ತಂಗಿ. ಕಾಯ್ತಾ ಅದಾರೆ."

"ತೆಪ್ಪ ಇಲ್ಲಿಲ್ಲ ಅಜ್ಜಾರೆ. ಹಾಲ್‌ನಾಗೈತೆ. ಬೆಳಿಗ್ಗೆ ಹಾಕಾಣ."

ಗಿಡ್ಡಪ್ಪ ಸುತ್ತ ನೋಡಿದರು. ತೆಪ್ಪ ನಿಜವಾಗಿಯೂ ಇರಲಿಲ್ಲ. "ಬೆಳಿಗ್ಗೆ ತನಕ ದೀಪ ಇರ್ತೈತಾ?" ಎಂದು ಕೇಳಿದರು.

"ಇರ್ತೈತೆ. ನಾನದೀನಲ್ಲ," ಎಂದರು ಕಾಳವ್ವ. ಶಿವಮೂರ್ತಿಯವರ ಬೈಕಿನ ದೀಪ ಏರಿಯ ಮೇಲೆ ಕಾಣುವವರೆಗೂ ಅವರು ಹಿಡಿದ ಕೈ ಬಿಡಲಿಲ್ಲ. ಬೈಕಿನ ಹಿಂದೆ ರಂಗವ್ವ ಕೂತಿದ್ದರು. ಇಳಿದವರೇ ಅಪ್ಪನ ಒದ್ದೆ ಕಾಲುಗಳನ್ನು ಸೆರಗಿನಿಂದ ಒರೆಸತೊಡಗಿದರು.

ಆ ರಾತ್ರಿ ಕಾಳವ್ವ ಗಂಡನಿಗೆ ಇಷ್ಟೇ ಹೇಳಿದರಂತೆ: "ಊರಾಗಿನ ಹೊಳೆ, ಕೆರೆ ಎಲ್ಲದಕ್ಕೂ ಆಳ ಐತೆ. ಆ ಪರದೆ ಹೊಳೆ ಒಂದಕ್ಕೇ ಆಳ ಇಲ್ಲ. ಆ ಅಜ್ಜ ಅಲ್ಲೇ ಇರಬೇಕು." ಮಾಳಿಂಗಪ್ಪ ಸಾರಿನ ಪಾತ್ರೆ ಇಳಿಸುತ್ತ, "ಹಂಗಾದ್ರೆ ಕಾಗದ ಕಳ್ಸಂತ ಹೇಳು. ಬ್ಯಾಳಿ ಇಲ್ದಿದ್ರೆ ಗೊಡ್ಡುಸಾರು ಮಾಡಾಕೂ ಬರ್ತೈತೆ ನನಗೆ," ಎಂದರಂತೆ. ಇದನ್ನು ಹೇಳುವಾಗ ಕಾಳವ್ವ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ನಗುತ್ತಾರೆ.

ಮರುದಿನ ಬೆಳಿಗ್ಗೆ. ಸೇವಂತಿಗೆಯ ಎಸಳುಗಳು ಮೂಡಿ ಆರಿವೆ. ಮರುಳಸಿದ್ದಮ್ಮ ಊರುಗೋಲನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಾರೆ. ಗಿಡ್ಡಪ್ಪನಿಗೆ ನಿನ್ನೆಯ ನೆನಪಿಲ್ಲ. ಅವರು ಮಾತ್ರ ಎಂದಿನ ಹಾಗೆ, "ಕೂಡ್ರವ್ವಾ, ನಡುವೆ ಕೂಡ್ರಿ," ಎಂದು ಆಕೆಯನ್ನು ಕರೆಯುತ್ತಾರೆ. ಮರುಳಸಿದ್ದಮ್ಮ ಕಣ್ಣೊರೆಸಿಕೊಂಡು ಕುರ್ಚಿ ಎಳೆಸಿಕೊಳ್ಳುತ್ತಾರೆ.

ಕಾಳವ್ವ ಕೋಲನ್ನು ಗೋಡೆಗೆ ಒರಗಿಸಿ ಶಿವಮೂರ್ತಿಯವರ ಮುಂದೆ ನಿಲ್ಲುತ್ತಾರೆ. "ಸಾರ್, ಆ ಕಾಗದ ತೆಗೀರಿ."

ಭವ್ಯಾ ಬೀಗ ತೆಗೆಯುತ್ತಾಳೆ. ಗಿಡ್ಡಪ್ಪ ಎದ್ದು ಹೊರಡದಂತೆ ಮರುಳಸಿದ್ದಮ್ಮ ಅವರ ಜೊತೆ ಗಾಳಿಯ ಜಗಳ ತೆಗೆದಿದ್ದಾರೆ. ಶಿವಮೂರ್ತಿಯವರು ಹಳೆಯ ಕಾಗದವನ್ನು ಓದುತ್ತಾರೆ. ಅದರಲ್ಲಿ "ಸಿಬ್ಬಂದಿಯೊಬ್ಬರು ಪರದೆಯನ್ನು ಆರದಂತೆ ನೋಡಿಕೊಳ್ಳುತ್ತಿದ್ದಾರೆ" ಎಂದಿದೆ.

"ಒಬ್ಬರು ಅಂದ್ರೆ ಯಾರು ಸಾರ್?" ಎನ್ನುತ್ತಾರೆ ಕಾಳವ್ವ. "ನನ್ನ ಹೆಸ್ರು ಹಾಕ್ರಿ. ನಿಮ್ಮ ಮ್ಯಾಲೂ ಬರಬಾರ್ದು, ಈ ಹುಡುಗಿ ಮ್ಯಾಲೂ ಬರಬಾರ್ದು."

"ಹಾಕಿದ್ರೆ ಗುತ್ತಿಗೆಯವ್ರು ಸುಮ್ನಿರ್ತಾರಾ ಕಾಳವ್ವಾ?"

"ಗೊತ್ತೈತೆ. ನಿನ್ನೆ ಕೆರೆಯಾಗೆ ಹಿಡ್ಕಂಡಿದ್ದು ಬರೀರಿ. ನನ್ನ ತೆಗದ್ರೂ ತೆಗೀಲಿ, ದೀಪ ತೆಗೀಬ್ಯಾಡ್ರಿ ಅಂತ ಬರೀರಿ."

ಶಿವಮೂರ್ತಿಯವರು ಕಾಳವ್ವ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುವಂತೆ ಭವ್ಯಾಗೆ ಹೇಳುತ್ತಾರೆ. ಕೆಳಗೆ ಕಾಳವ್ವನ ಹೆಸರಿನ ಪಕ್ಕ ತಮ್ಮ ಹೆಸರನ್ನೂ ಹಾಕಿಸುತ್ತಾರೆ. ಮರುಳಸಿದ್ದಮ್ಮ ಕೂತಲ್ಲಿಂದಲೇ, "ನಂದೂ ಹಾಕವ್ವಾ. ಕೋಲಿಂದ ಮುಟ್ಟಿದ್ದೂ ಮುಟ್ಟಿದ್ದೇ ಅಲ್ಲೇನು," ಎನ್ನುತ್ತಾರೆ. ಅವರ ಹೆಸರೂ ಸೇರುತ್ತದೆ.

ಮುಖ್ಯ ಕಚೇರಿಯವರು ಒಪ್ಪಿದರೆ ಮುಂದೇನು ಎಂದು ಭವ್ಯಾ ಕೇಳುತ್ತಾಳೆ. ಪರದೆ ತಾನೇ ಉರಿಯುತ್ತದೆ, ನಿಮ್ಮ ಕೈ ಖಾಲಿ, ಏನು ಮಾಡುತ್ತೀರಿ ಎಂದು.

ಕಾಳವ್ವ ನೆಲದ ಕಡೆ ನೋಡುತ್ತಾರೆ. "ಮಾಡೋದೇನೈತೆ. ಒಂದಿನ ಎಲ್ಲರಂಗೆ ಮೂಲ್ಯಾಗಿಂದ ಸುರು ಮಾಡಿ ಬಾಗ್ಲಿಗೆ ಬಂದು ಮುಗಿಸ್ಬೇಕು. ನಡುವೆ ಎಲ್ಲೂ ತಿರುಗಿ ನೋಡದಂಗೆ. ಅದೊಂದು ಆಸೆ ಐತೆ."

ಭವ್ಯಾ ಎದ್ದು ಕುರ್ಚಿ ಬಿಡುತ್ತಾಳೆ. "ನೀವೇ ಒತ್ರಿ. ಇದನ್ನ ಒತ್ತಿದ್ರೆ ಹೋಗ್ತೈತೆ." ಕಾಳವ್ವ ಕೂರುವುದಿಲ್ಲ. ನಿಂತೇ ಬಲಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ಇಷ್ಟು ದಿನ ಕಿರುಬೆರಳು ಮಾತ್ರ ತಾಗಿಸಿದ ಮೌಸಿನ ಮೇಲೆ ಈ ಸಲ ಇಡೀ ಅಂಗೈ ಇಡುತ್ತಾರೆ. ಭವ್ಯಾ ತೋರಿಸಿದ ಜಾಗದ ಮೇಲೆ ಒತ್ತುತ್ತಾರೆ.

ಹಿಂದಿನಿಂದ ಗಿಡ್ಡಪ್ಪನ ದನಿ, "ಯಾರು ಹೊಂಟ್ರು ತಂಗಿ?"

"ಕಾಗದ ಅಜ್ಜಾರೆ," ಎನ್ನುತ್ತಾರೆ ಕಾಳವ್ವ, ಪರದೆಯಿಂದ ಕಣ್ಣು ತೆಗೆಯದೆ. "ಈಗ ದಂಡೆ ಬಿಡ್ತು."